ಯೂರೋಪಿನಲ್ಲಿ ಜೈನ ಹಸ್ತಪ್ರತಿಗಳ ವ್ಯಾಸಂಗ : ವಿದ್ಯಾರ್ಥಿವೇತನಗಳು ಮತ್ತು ಪೂರ್ವಸಿದ್ಧತೆ

ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಶಾಸನವು ಜೈನ ಇತಿಹಾಸದ ಅಭ್ಯಾಸಿಗಳಿಗೆ ಸುಪರಿಚಿತವಾದುದು. ಗಂಗ ಶ್ರೀಪುರುಷನ ಆಳ್ವಿಕೆಯಲ್ಲಿ ಶಕ 698ರಲ್ಲಿ, ಎಂದರೆ ಕ್ರಿ.ಶ. 776-77ರಲ್ಲಿ, ಹುಟ್ಟಿದ ಈ ಶಾಸನವು ಶ್ರೀಪುರದ ಉತ್ತರದಿಕ್ಕಿನಲ್ಲಿ ಕುಂದಾಚ್ಚಿ ಎಂಬ ಶ್ರಾವಕಿ ಮಾಡಿಸಿದ ಲೋಕತಿಲಕ ಜಿನಭವನಕ್ಕೆ ಪೊನ್ನಳ್ಳಿಯನ್ನು ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ಬಿ. ಎಲ್. ರೈಸ್ ಅವರು 1873ರಲ್ಲಿ ಇದನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಬಳಿಕ ಗಂಗರ ತಾಮ್ರಶಾಸನಗಳ ಪ್ರಾಮಾಣ್ಯವನ್ನು ಕುರಿತು ರೈಸ್ ಮತ್ತು ಫ್ಲೀಟ್ ಅವರ ನಡುವೆ ದೀರ್ಘವಾದ ವಾದ ನಡೆಯಿತು. ಶಾಸನ ಈ ನಾಡಿನದು, ಅದರ ಬಸದಿ ಈ ನಾಡಿನದು. ಆದರೆ ಅದನ್ನು ಕುರಿತ ವಾದವಿವಾದವೆಲ್ಲ ಈ ನಾಡಿನ ಬಹುಮಂದಿ ಪಂಡಿತರಿಗೆ ತಿಳಿಯದ ಭಾಷೆಯಲ್ಲಿ, ಅವರ ಕೈಗೆ ಎಟುಕದ ಪತ್ರಿಕೆಗಳಲ್ಲಿ ನಡೆದುಹೋಯಿತು.

ಇದೇ ತಾಲ್ಲೂಕಿನ ದೇವಲಾಪುರದಂತಹ ಹೋಬಳಿ ಕೇಂದ್ರದಲ್ಲಿ ಓದಿ, ಕಂಬದಹಳ್ಳಿಯ ಪಂಚಕೂಟ ಬಸದಿಯನ್ನೂ ಶ್ರವಣಬೆಳಗೊಳವನ್ನೂ ನೋಡುತ್ತ ಬೆಳೆದ ವಿದ್ಯಾರ್ಥಿಯೊಬ್ಬನು ಹಳಗನ್ನಡ, ಪ್ರಾಕೃತ ಮತ್ತು ಓಲೆಗರಿಯ ಲಿಪಿಗಳಲ್ಲಿ ಪರಿಣತನಾದರೆ, ಇಂದು ಅವನು ಯೂರೋಪಿನ ಗ್ರಂಥಾಲಯಗಳಿಗೆ ಹೋಗಿ ಅಲ್ಲಿಯ ಪ್ರತಿಗಳನ್ನು ತಾನೇ ಪರಿಶೀಲಿಸುವುದು ಸಾಧ್ಯವೆ? ಅದಕ್ಕೆ ಬೇಕಾದ ದ್ರವ್ಯ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ. ದ್ರವ್ಯಕ್ಕೆ ಮಾರ್ಗಗಳು ಹಲವಿವೆ. ಕೊರತೆಯಿರುವುದು ಮುಖ್ಯವಾಗಿ ಪೂರ್ವಸಿದ್ಧತೆಯಲ್ಲಿ ಎಂಬುದೇ ಇಲ್ಲಿಯ ಪ್ರತಿಪಾದ್ಯ ವಿಷಯ.

ಗ್ರಂಥಗಳು ಹೋದ ದಾರಿ

1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡ ಕರ್ನಲ್ ಕಾಲಿನ್ ಮೆಕೆಂಜಿಯು ಶಾಸನ, ಕೈಫಿಯತ್ತು, ಓಲೆಗ್ರಂಥಗಳನ್ನು ಅಪಾರವಾಗಿ ಸಂಗ್ರಹಿಸಿದನು. ಅವನಿಗೆ ಜೈನ ವಿಷಯಗಳಲ್ಲಿ ನೆರವಾದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಓದಿ ಅರ್ಥ ಹೇಳಿದವನು ಧರ್ಮಯ್ಯನಾದರೂ ವಿದ್ವತ್ಪ್ರಪಂಚದಲ್ಲಿ ಉಳಿದದ್ದು ಮೆಕೆಂಜಿಯ ಹೆಸರು. ಅನಂತರದ ಕಾಲದಲ್ಲಿ ಗೇಯೋರ್ಗ್ ಬ್ಯೂಲರ್ ಅವರ ಮೂಲಕ ಬರ್ಲಿನ್ನಿನ ಗ್ರಂಥಾಲಯವು ಜೈನ ಹಸ್ತಪ್ರತಿಗಳನ್ನು ಪಡೆಯಿತು. ಇವುಗಳ ಆಧಾರದಿಂದಲೇ ಆಲ್ಬ್ರೆಕ್ಟ್ ವೇಬರ್ ಅವರು ಜೈನಾಗಮಗಳನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧವನ್ನು ಬರೆದರು. ಬರ್ಲಿನ್ ಸಂಗ್ರಹದ ಸೂಚೀಪತ್ರವನ್ನು ವಾಲ್ಟರ್ ಶೂಬ್ರಿಂಗ್ ಅವರು 1944ರಲ್ಲಿ ಹೊರತಂದರು. ಈ ಪ್ರತಿಗಳಲ್ಲಿ ಬಹುಪಾಲು ಪಶ್ಚಿಮ ಭಾರತದ ಶ್ವೇತಾಂಬರ ಪರಂಪರೆಗೆ ಸೇರಿದವು.

ದಿಗಂಬರ ಪರಂಪರೆಯ ದೃಷ್ಟಿಯಿಂದ ವಿಶೇಷವಾಗಿ ಗಮನಿಸಬೇಕಾದುದು ಸ್ಟ್ರಾಸ್‌ಬರ್ಗ್ ಸಂಗ್ರಹ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಅರ್ನ್ಸ್ಟ್ ಲಾಯ್‌ಮನ್ ಅವರು ಸಂಗ್ರಹಿಸಿದ ದಿಗಂಬರ ಗ್ರಂಥಗಳ ಪಟ್ಟಿಯು 1897ರಲ್ಲಿ ವಿಯೆನ್ನಾದ ಪ್ರಾಚ್ಯವಿದ್ಯಾಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಸಂಗ್ರಹದ ವಿಸ್ತೃತ ಸೂಚೀಪತ್ರವನ್ನು ಚಂದ್ರಭಾಲ ತ್ರಿಪಾಠಿಯವರು ಸಿದ್ಧಪಡಿಸಿದರು. ಅದು 1975ರಲ್ಲಿ ಲೈಡನ್ನಿನಿಂದ ಹೊರಬಂದಿತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಜೈನ ಹಸ್ತಪ್ರತಿಗಳ ಸೂಚೀಪತ್ರವು ನಳಿನಿ ಬಲ್ಬೀರ್ ಮತ್ತು ಸಹವಿದ್ವಾಂಸರ ಶ್ರಮದಿಂದ 2006ರಲ್ಲಿ 3 ಸಂಪುಟಗಳಾಗಿ ಮುದ್ರಣಗೊಂಡಿತು.

ಹೀಗೆ ಗ್ರಂಥಗಳು ಹೋದವು, ಸೂಚೀಪತ್ರಗಳೂ ಆದವು. ಆದರೆ ಗ್ರಂಥದೊಡನೆ ಗ್ರಂಥವನ್ನು ಓದುವ ಸಂಪ್ರದಾಯವು ಹೋಗಲಿಲ್ಲ. ಒಂದು ನಿದರ್ಶನ ಸಾಕು. ಕನ್ನಡ ಲಿಪಿಯ ಪ್ರಾಕೃತ ಓಲೆಗಳಲ್ಲಿ ವ್ಯಂಜನದ ದ್ವಿತ್ವವನ್ನು ಸೂಚಿಸಲು ಅದರ ಹಿಂದೆ ಒಂದು ಸೊನ್ನೆಯನ್ನಿಡುವ ರೂಢಿಯಿದೆ. ಅನುಸ್ವಾರಕ್ಕೂ ಅದೇ ಸೊನ್ನೆ. ಎಲ್ಲಿ ಅದು ಅನುಸ್ವಾರ, ಎಲ್ಲಿ ದ್ವಿತ್ವ ಎಂಬುದನ್ನು ಛಂದಸ್ಸು, ವ್ಯಾಕರಣ, ಆಗಮದ ಅರ್ಥ ಈ ಮೂರನ್ನೂ ಬಲ್ಲವನು ಮಾತ್ರ ನಿರ್ಣಯಿಸಬಲ್ಲನು. ಈ ಸಂಕೇತವನ್ನರಿಯದೆ ನಾಗರಿಗೆ ಇಳಿಸಿದಾಗ ಅಪಪಾಠಗಳು ಹುಟ್ಟುತ್ತವೆ. ಈ ಜ್ಞಾನವು ಗುರುಮುಖದಿಂದ ಬರತಕ್ಕದ್ದು. ಅದನ್ನು ಪಡೆದವರ ಸಂಖ್ಯೆ ಇಳಿಯುತ್ತಿರುವುದು ಎಲ್ಲರೂ ಬಲ್ಲ ಸಂಗತಿ.

ಒಂದು ಮಾರ್ಗದರ್ಶಕ ಜೀವನ

ಅಲ್ಪವಾದ ಶಿಷ್ಯವೇತನವೊಂದು ಯೋಗ್ಯನ ಕೈಸೇರಿದರೆ ಏನಾಗಬಲ್ಲುದೆಂಬುದಕ್ಕೆ ಪದ್ಮನಾಭ ಎಸ್. ಜೈನಿಯವರ ಜೀವನವೇ ಸಾಕ್ಷಿ. 1923ರಲ್ಲಿ ಮೂಡುಬಿದಿರೆಗೆ ಸಮೀಪದ ನೆಲ್ಲಿಕಾರಿನ ದಿಗಂಬರ ಜೈನ ಕುಟುಂಬದಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ವಿದರ್ಭದ ಕಾರಂಜಾ ಗುರುಕುಲವನ್ನು ಸೇರಿದರು. ಬಳಿಕ ಅಹಮದಾಬಾದಿನಲ್ಲಿ ಪಂಡಿತ ಸುಖಲಾಲಜಿಯವರ ಸನ್ನಿಧಿಯಲ್ಲಿ ವ್ಯಾಸಂಗ ಮಾಡಿದರು. ಬೌದ್ಧವಿದ್ವಾಂಸ ಧರ್ಮಾನಂದ ಕೋಸಾಂಬಿಯವರು 1947ರಲ್ಲಿ ತೀರಿಕೊಂಡ ಮೇಲೆ, ಗಾಂಧೀಜಿಯವರ ಇಚ್ಛೆಯಂತೆ, ಭಾರತೀಯ ವಿದ್ಯಾರ್ಥಿಗಳನ್ನು ಪಾಲಿಯ ಅಧ್ಯಯನಕ್ಕಾಗಿ ಸಿಂಹಳಕ್ಕೆ ಕಳುಹಿಸಲು ಅವರ ಸ್ಮರಣಾರ್ಥ ನಿಧಿಯೊಂದು ಏರ್ಪಟ್ಟಿತು. ಆ ನೆರವಿನಿಂದ ಸಿಂಹಳಕ್ಕೆ ತೆರಳಿದವರಲ್ಲಿ ಜೈನಿಯವರೂ ಒಬ್ಬರು. ಕೆಲವು ವರ್ಷ ಕಾಶಿಯಲ್ಲಿ ಅಧ್ಯಾಪನ ಮಾಡಿ, 1956ರಲ್ಲಿ ಅವರು ಲಂಡನ್ನಿನ ಪ್ರಾಚ್ಯವಿದ್ಯಾಶಾಲೆಯಲ್ಲಿ ಅಧ್ಯಾಪಕರಾದರು.

ಅವರನ್ನು ವಿದ್ವತ್ಪ್ರಪಂಚಕ್ಕೆ ಪರಿಚಯಿಸಿದ ಕಾರ್ಯವು ಹಸ್ತಪ್ರತಿಗೆ ಸಂಬಂಧಿಸಿದ್ದೇ ಆಗಿತ್ತೆಂಬುದು ಇಲ್ಲಿ ಮುಖ್ಯ. ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನಲ್ಲಿ ಕಂಡು ಛಾಯಾಚಿತ್ರ ತೆಗೆಸಿದ್ದ ‘ಅಭಿಧರ್ಮದೀಪ’ದ ತಾಡಪತ್ರಗಳನ್ನು ಆಧರಿಸಿ ಜೈನಿಯವರು ಆ ಗ್ರಂಥವನ್ನು ಸಂಪಾದಿಸಿದರು. ಅದು 1959ರಲ್ಲಿ ಪಾಟ್ನಾದಿಂದ ಪ್ರಕಟವಾಯಿತು. ಮುಂದೆ ಅಮೆರಿಕೆಯ ಬರ್ಕ್ಲಿಯಲ್ಲಿದ್ದಾಗ ಅವರು ಬರೆದ ‘ದಿ ಜೈನ ಪಾತ್ ಆಫ್ ಪ್ಯೂರಿಫಿಕೇಷನ್’ (1979) ಇಂದಿಗೂ ಜೈನಧರ್ಮದ ಅಭ್ಯಾಸಿಗಳಿಗೆ ಆಧಾರಗ್ರಂಥವಾಗಿದೆ. ಅವರು 2021ರಲ್ಲಿ ದಿವಂಗತರಾದರು. ಗುರುಕುಲದ ಭದ್ರವಾದ ತಳಹದಿ, ಒಂದು ಸಣ್ಣ ಶಿಷ್ಯವೇತನ, ಕೈಯಲ್ಲೊಂದು ಹಸ್ತಪ್ರತಿ ಈ ಮೂರೂ ಕೂಡಿದುದರ ಫಲವಿದು. ಇವುಗಳ ಅನುಕ್ರಮವನ್ನು ಮರೆಯಬಾರದು: ತಳಹದಿ ಮೊದಲು, ಪ್ರಯಾಣ ಆಮೇಲೆ.

ದೊರೆಯಬಹುದಾದ ನೆರವುಗಳು

ವಿದ್ಯಾರ್ಥಿಯು ಯಾವ ಮಟ್ಟದಲ್ಲಿರುವನೋ ಅದಕ್ಕೆ ತಕ್ಕಂತೆ ನೆರವುಗಳನ್ನು ವಿಂಗಡಿಸಿಕೊಳ್ಳುವುದು ಲೇಸು.

ಸ್ನಾತಕೋತ್ತರ ಪದವಿಗೆ ಹೋಗಬಯಸುವವರಿಗೆ ಯೂರೋಪಿಯನ್ ಒಕ್ಕೂಟದ ಎರಾಸ್ಮುಸ್ ಮುಂಡುಸ್ ಯೋಜನೆಯಿದೆ. 2004ರಲ್ಲಿ ಆರಂಭವಾದ ಇದರಲ್ಲಿ ಒಂದಕ್ಕಿಂತ ಹೆಚ್ಚು ದೇಶಗಳ ವಿಶ್ವವಿದ್ಯಾನಿಲಯಗಳು ಕೂಡಿ ಪಾಠಕ್ರಮವನ್ನು ನಡೆಸುತ್ತವೆ. 2021ರಿಂದ ನಡೆದಿರುವ ಆವೃತ್ತಿಯಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೋ ಶಿಷ್ಯವೇತನವು ಗೊತ್ತಾಗಿದೆ. ಆದರೆ ನಿಗದಿಯಾದ ಪಾಠಕ್ರಮಗಳಿಗೆ ಮಾತ್ರ ಇದು ಅನ್ವಯಿಸುವುದರಿಂದ, ಪ್ರಾಕೃತದ ವಿದ್ಯಾರ್ಥಿಯು ತನ್ನ ವಿಷಯಕ್ಕೆ ಹೊಂದುವ ಕ್ರಮವಿದೆಯೆ ಎಂದು ಮೊದಲು ಪರೀಕ್ಷಿಸಬೇಕು. ಬ್ರಿಟನ್ನಿಗೆ ಹೋಗುವವರಿಗೆ 1959ರಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ವಿದ್ಯಾರ್ಥಿವೇತನವೂ, ಆಕ್ಸ್‌ಫರ್ಡಿಗೆ ಸೀಮಿತವಾದ ರೋಡ್ಸ್ ವಿದ್ಯಾರ್ಥಿವೇತನವೂ ಉಂಟು. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಈ ರೋಡ್ಸ್ ವೇತನದ ಬಲದಿಂದ.

ಡಾಕ್ಟರೇಟ್ ಪದವಿಗಾಗಿ ಕೆಲಸ ಮಾಡುತ್ತಿರುವವರಿಗೆ ಹೆಚ್ಚು ಅನುಕೂಲವಾದುದು ಜರ್ಮನಿಯ ಡಿ.ಎ.ಎ.ಡಿ. 1925ರಲ್ಲಿ ಹುಟ್ಟಿದ ಈ ಸಂಸ್ಥೆಯು 6 ತಿಂಗಳವರೆಗಿನ ಅಲ್ಪಾವಧಿಯ ಸಂಶೋಧನವೇತನವನ್ನೂ ಒಂದು ವರ್ಷದವರೆಗಿನ ವೇತನವನ್ನೂ ಕೊಡುತ್ತ ಬಂದಿದೆ. ಮೈಸೂರಿನಲ್ಲಿ ನೋಂದಾಯಿಸಿಕೊಂಡು ತನ್ನ ಗ್ರಂಥದ ಪ್ರತಿಗಳನ್ನು ನೋಡಿ ಬರಲು ಮಾತ್ರ ಹೋಗುವವನಿಗೆ ಅಲ್ಪಾವಧಿಯ ವೇತನವೇ ಸಾಕಾಗುತ್ತದೆ.

ಡಾಕ್ಟರೇಟ್ ಮುಗಿಸಿದವರಿಗೆ ಜರ್ಮನಿಯ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಪ್ರತಿಷ್ಠಾನದ ಸಂಶೋಧನವೇತನವಿದೆ. ಇದಕ್ಕೆ ವಿಷಯದ ನಿರ್ಬಂಧವಿಲ್ಲ. ಯೂರೋಪಿಯನ್ ಒಕ್ಕೂಟದ ಮರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ವೇತನವು ಡಾಕ್ಟರೇಟ್ ಪಡೆದು 8 ವರ್ಷಗಳನ್ನು ಮೀರದವರಿಗೆ ಮೀಸಲಾದುದು. 1981ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪಿತವಾದ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಭಾರತೀಯ ಕಲೆ ಮತ್ತು ಮಾನವಿಕ ವಿದ್ವಾಂಸರ ಅಲ್ಪಕಾಲದ ವ್ಯಾಸಂಗಕ್ಕೆ ನೆರವಾಗಿರುವುದನ್ನೂ ಇಲ್ಲಿ ನೆನೆಯಬೇಕು.

ಸ್ವದೇಶದ ನೆರವುಗಳು ಬಹುಮಟ್ಟಿಗೆ ಸಾಲರೂಪದವು. ಜೆ. ಎನ್. ಟಾಟಾ ಎಂಡೋಮೆಂಟ್ 1892ರಿಂದಲೂ ವಿದೇಶ ವ್ಯಾಸಂಗಕ್ಕೆ ಸಾಲವೇತನ ಕೊಡುತ್ತಿದೆ. ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ 2014ರ ಜನವರಿಯಲ್ಲಿ ದೊರೆತ ಬಳಿಕ, ವಿದ್ಯಾಸಾಲದ ಬಡ್ಡಿಗೆ ಸಹಾಯಧನ ನೀಡುವ ಕೇಂದ್ರದ ‘ಪಢೋ ಪರದೇಶ’ ಯೋಜನೆಯೂ ಅವರಿಗೆ ತೆರೆಯಿತು. ಆದರೆ 2022-23ರಿಂದ ಆ ಯೋಜನೆ ನಿಂತುಹೋಗಿದೆ. ಹಳೆಯ ಕರಪತ್ರಗಳನ್ನು ನಂಬಿ ಇದನ್ನೇ ಅರಸುವವರು ಎಚ್ಚರದಿಂದಿರಬೇಕು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸಾಲಯೋಜನೆಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿ ತಿಳಿಯತಕ್ಕದ್ದು. ಪ್ರಾಕೃತವನ್ನೋ ಹಸ್ತಪ್ರತಿಶಾಸ್ತ್ರವನ್ನೋ ಓದುವವನಿಗೆ ಮುಂದೆ ದೊಡ್ಡ ಸಂಬಳ ದೊರೆಯುವ ಭರವಸೆಯಿಲ್ಲವಾದುದರಿಂದ, ಸಾಲಕ್ಕಿಂತ ಪೂರ್ಣ ವೇತನವನ್ನೇ ಅವನು ಅರಸುವುದು ಕ್ಷೇಮಕರ.

ಪೂರ್ವಸಿದ್ಧತೆಯ ಕ್ರಮ

ವೇತನ ಕೊಡುವವರು ಕೇಳುವುದು ಮುಖ್ಯವಾಗಿ ಮೂರನ್ನು : ಮಾನ್ಯವಾದ ಪದವಿ, ಸ್ಪಷ್ಟವಾದ ಸಂಶೋಧನ ಪ್ರಸ್ತಾವ, ಅಲ್ಲಿಯ ಪ್ರಾಧ್ಯಾಪಕರೊಬ್ಬರ ಒಪ್ಪಿಗೆ ಪತ್ರ. ಪಾಠಶಾಲೆಗಳಲ್ಲಿ ಶಾಸ್ತ್ರಾಭ್ಯಾಸ ಮಾಡಿದವರು ಹಿಂದುಳಿಯುವುದು ಮೊದಲನೆಯದರಲ್ಲಿ. ವಿಶ್ವವಿದ್ಯಾನಿಲಯದ ಮಾನ್ಯತೆಯಿಲ್ಲದ ಪ್ರಮಾಣಪತ್ರವು ಎಷ್ಟೇ ಘನವಾದ ಪಾಂಡಿತ್ಯದ ಗುರುತಾಗಿದ್ದರೂ ಅಲ್ಲಿಯ ಕಚೇರಿಗಳಲ್ಲಿ ಸಲ್ಲುವುದು ಕಷ್ಟ. ಆದುದರಿಂದ ಶಾಸ್ತ್ರಾಭ್ಯಾಸದ ಜೊತೆಯಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದಂತಹ ಕಡೆ ಎಂ.ಎ. ಪದವಿಯನ್ನು ಗಳಿಸಿಕೊಳ್ಳಬೇಕು. 1971ರಲ್ಲಿ ಸದಲಗೆಯ ಡಾ. ಆ. ನೇ. ಉಪಾಧ್ಯೆಯವರು ಜೈನಶಾಸ್ತ್ರ-ಪ್ರಾಕೃತ ಪ್ರಾಧ್ಯಾಪಕರಾಗಿ ಬಂದುದು ಈ ವಿಶ್ವವಿದ್ಯಾನಿಲಯಕ್ಕೇ. ಇಂಗ್ಲಿಷಿನ ಪರೀಕ್ಷೆಗೆ ಕನಿಷ್ಠಪಕ್ಷ ಒಂದು ವರ್ಷದ ಅಭ್ಯಾಸ ಬೇಕು. ಶೂಬ್ರಿಂಗ್, ಆಲ್ಸ್‌ಡೋರ್ಫ್ ಮೊದಲಾದವರ ಬರಹಗಳನ್ನು ಮೂಲದಲ್ಲಿ ಓದಬೇಕಾದುದರಿಂದ ಜರ್ಮನ್ ಭಾಷೆಯ ಪರಿಚಯವೂ ಆವಶ್ಯಕ. ಮಾನ್ಯಖೇಟದಲ್ಲಿದ್ದ ಪುಷ್ಪದಂತನ ಅಪಭ್ರಂಶ ಮಹಾಪುರಾಣದ ಹರಿವಂಶ ಭಾಗವನ್ನು ಆಲ್ಸ್‌ಡೋರ್ಫ್ ಅವರು 1936ರಲ್ಲಿ ಸಂಪಾದಿಸಿದ್ದು ಜರ್ಮನ್ ಭಾಷೆಯ ಪೀಠಿಕೆಯೊಡನೆಯೇ.

ಎರಡನೆಯದಾದ ಪ್ರಸ್ತಾವದಲ್ಲಿ ಕನ್ನಡನಾಡಿನ ವಿದ್ಯಾರ್ಥಿಗೆ ಸಹಜವಾದ ಅನುಕೂಲವಿದೆ. ‘ಜೈನಧರ್ಮ ಮತ್ತು ಅಹಿಂಸೆ’ ಎಂಬಂತಹ ವ್ಯಾಪಕ ವಿಷಯಗಳನ್ನು ಬಿಟ್ಟು, ಒಂದು ಗ್ರಂಥವನ್ನೂ ಅದರ ಪ್ರತಿಗಳನ್ನೂ ಹಿಡಿಯಬೇಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (1948) ಒಂದು ಕೈಯಲ್ಲಿ, ತ್ರಿಪಾಠಿಯವರ ಸ್ಟ್ರಾಸ್‌ಬರ್ಗ್ ಸೂಚಿ ಇನ್ನೊಂದು ಕೈಯಲ್ಲಿ ಇರಲಿ. ಎರಡರಲ್ಲಿಯೂ ಕಾಣಿಸಿಕೊಂಡು ಇನ್ನೂ ಶಾಸ್ತ್ರೀಯವಾಗಿ ಸಂಪಾದಿತವಾಗದ ಗ್ರಂಥವೊಂದನ್ನು ಆರಿಸಿ, ಇಲ್ಲಿಯ ಪ್ರತಿಯನ್ನು ಪೂರ್ಣವಾಗಿ ಲಿಪ್ಯಂತರಿಸಿ, ಸಂದೇಹಸ್ಥಳಗಳನ್ನು ಗುರುತಿಸಿಕೊಂಡ ಮೇಲೆ, ಆ ಸಂದೇಹಗಳ ಪರಿಹಾರಕ್ಕಾಗಿಯೇ ಅಲ್ಲಿಯ ಪ್ರತಿಯನ್ನು ನೋಡಬೇಕಾಗಿದೆಯೆಂದು ಬರೆದರೆ ಅಂತಹ ಪ್ರಸ್ತಾವಕ್ಕೆ ತೂಕವಿರುತ್ತದೆ. ಛಾಯಾಪ್ರತಿಗಳು ಸುಲಭವಾಗಿ ದೊರೆಯುವ ಈ ಕಾಲದಲ್ಲಿ, ಮೂಲವನ್ನೇ ಏಕೆ ನೋಡಬೇಕೆಂಬ ಪ್ರಶ್ನೆಗೂ ಉತ್ತರ ಸಿದ್ಧವಿರಬೇಕು. ಗರಿಯ ಅಳತೆ, ದಾರದ ರಂಧ್ರ, ಕಂಠದ ಗೀರು, ಅಂಚಿನ ತಿದ್ದುಪಡಿ, ಮಾಸಿದ ಪುಷ್ಪಿಕೆ ಇವು ಚಿತ್ರದಲ್ಲಿ ಪೂರ್ಣವಾಗಿ ತಿಳಿಯತಕ್ಕವಲ್ಲ.

ಮೂರನೆಯದಾದ ಒಪ್ಪಿಗೆ ಪತ್ರಕ್ಕಾಗಿ 2004ರಲ್ಲಿ ಸ್ಥಾಪಿತವಾದ ಲಂಡನ್ನಿನ ಜೈನಾಧ್ಯಯನ ಕೇಂದ್ರ, ಬೆಲ್ಜಿಯಮ್ಮಿನ ಘೆಂಟ್, ಪ್ಯಾರಿಸ್ಸಿನ ಸೋರ್ಬೋನ್ ನೂವೆಲ್, ಹಸ್ತಪ್ರತಿಶಾಸ್ತ್ರಕ್ಕೆ ಪ್ರತ್ಯೇಕ ಕೇಂದ್ರವನ್ನುಳ್ಳ ಹ್ಯಾಂಬರ್ಗ್ ಇವುಗಳ ವಿದ್ವಾಂಸರಿಗೆ ಬರೆಯಬಹುದು. ಪತ್ರದೊಡನೆ ಲಿಪ್ಯಂತರದ ನಾಲ್ಕು ಪುಟಗಳನ್ನು ಕಳುಹಿಸುವುದು ಯಾವ ಶಿಫಾರಸಿಗಿಂತಲೂ ಮೇಲು. ಈ ಕಾರ್ಯಗಳೆಲ್ಲ ಅರ್ಜಿಯ ಗಡುವಿಗೆ ಒಂದು ವರ್ಷ ಮೊದಲೇ ಆರಂಭವಾಗಬೇಕು.

ಶ್ರಾವಕರ ಕರ್ತವ್ಯ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನದ ಮಹತ್ತ್ವವನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಂದು ಪ್ರತಿಯ ಕೊರತೆಯಿತ್ತು; ಇಂದು ಓದುವವನ ಕೊರತೆಯಿದೆ. ಪರದೇಶದ ವೇತನವು ಪ್ರಯಾಣವನ್ನೂ ಅಲ್ಲಿಯ ವಾಸವನ್ನೂ ನೋಡಿಕೊಳ್ಳುತ್ತದೆ. ಆದರೆ ಅರ್ಜಿಗೆ ಅರ್ಹನಾಗುವ ಮುಂಚಿನ ಎರಡು ವರ್ಷಗಳಿಗೆ, ಲಿಪಿ ಕಲಿಯಲು, ಭಾಷಾಪರೀಕ್ಷೆಯ ಶುಲ್ಕ ಕಟ್ಟಲು, ಬೆಲೆಬಾಳುವ ಸೂಚೀಪತ್ರಗಳನ್ನು ಕೊಳ್ಳಲು ಯಾವ ವಿದೇಶೀ ಸಂಸ್ಥೆಯೂ ಹಣ ಕೊಡುವುದಿಲ್ಲ. ಹಳ್ಳಿಯ ವಿದ್ಯಾರ್ಥಿಯು ಕೈಚೆಲ್ಲುವುದು ಇಲ್ಲಿಯೇ. ಶ್ರಾವಕರ ದಾನ ಸಲ್ಲಬೇಕಾದುದೂ ಇಲ್ಲಿಯೇ.

ಹೋದವನು ಮರಳದಿದ್ದರೆ ಗತಿಯೇನು ಎಂಬ ಶಂಕೆ ನಿರಾಧಾರವಾದುದಲ್ಲ. ನೆರವು ಪಡೆದವನು ತಾನು ನೋಡಿದ ಪ್ರತಿಗಳ ಛಾಯಾಪ್ರತಿಯನ್ನೂ ಪಾಠಾಂತರಗಳನ್ನೂ ಇಲ್ಲಿಯ ಭಂಡಾರಕ್ಕೆ ಒಪ್ಪಿಸಬೇಕು, ಇಬ್ಬರಿಗಾದರೂ ಲಿಪಿ ಕಲಿಸಬೇಕು ಎಂಬ ನಿಯಮವನ್ನು ದಾನದೊಡನೆ ಇಡಬಹುದು. ಅವನು ಎಲ್ಲಿಯೇ ನೆಲೆಸಲಿ, ಆ ಋಣ ತೀರಿದಂತಾಗುತ್ತದೆ. ಹೋಗಲಾರದವರಿಗೂ ಮಾರ್ಗ ಮುಚ್ಚಿಲ್ಲ. ಬ್ರಿಟಿಷ್ ಲೈಬ್ರರಿಯ ಮೂಲಕ 2004ರಿಂದ ನಡೆಯುತ್ತ ಬಂದಿರುವ ‘ಎಂಡೇಂಜರ್ಡ್ ಆರ್ಕೈವ್ಸ್’ ಕಾರ್ಯಕ್ರಮವು ಅಳಿವಿನಂಚಿನಲ್ಲಿರುವ ಹಸ್ತಪ್ರತಿಗಳನ್ನು ಅವು ಇರುವ ಸ್ಥಳದಲ್ಲಿಯೇ ಚಿತ್ರಿಸಿಡಲು ಧನಸಹಾಯ ಮಾಡುತ್ತದೆ. ಮೂಲಪ್ರತಿಗಳು ಸ್ವದೇಶವನ್ನು ಬಿಟ್ಟು ಹೋಗಬಾರದೆಂಬುದೇ ಅದರ ನಿಯಮ.

ಮಲೆಯೂರಿನ ಧರ್ಮಯ್ಯನ ಕಾಲದಲ್ಲಿ ಓಲೆಗಳು ಸಮುದ್ರವನ್ನು ದಾಟಿದವು, ಓದಿದವನು ಇಲ್ಲಿಯೇ ಉಳಿದನು. ಇಂದು ಓದಬಲ್ಲವನಿಗೂ ದಾರಿ ತೆರೆದಿದೆ. ಆ ದಾರಿಯಲ್ಲಿ ನಡೆಯಬಲ್ಲವನನ್ನು ಸಿದ್ಧಗೊಳಿಸುವ ಕಾರ್ಯ ಮಠಗಳಿಗೆ, ಪಾಠಶಾಲೆಗಳಿಗೆ ಮತ್ತು ಶ್ರಾವಕರಿಗೆ ಸೇರಿದ್ದು.