ಹಚ್ಚುವ ಮದ್ದು ಒಳಗೆ ಇಳಿಯುವುದು ಹೇಗೆ?

ಸೋರಿಯಾಸಿಸ್ ಎಂಬ ಚರ್ಮರೋಗದ ಹೆಸರು ನೀವು ಕೇಳಿರಬಹುದು. ಮೊಣಕೈ, ಮೊಣಕಾಲು, ತಲೆಯಲ್ಲಿ ಕೆಂಪು ಮಚ್ಚೆ ಏಳುತ್ತದೆ. ಅದರ ಮೇಲಿಂದ ಬಿಳಿ ಹೊಟ್ಟು ಉದುರುತ್ತದೆ. ಇದು ಮುಟ್ಟಿದರೆ ಅಂಟುವ ರೋಗ ಅಲ್ಲ. ಆದರೂ ಇಂಥವರಿಗೆ ಬೇರೆ ತಟ್ಟೆ, ಬೇರೆ ಚಾಪೆ ಕೊಡುವ ಮನೆಗಳಿವೆ. ಅದರ ಅಗತ್ಯವೇ ಇಲ್ಲ.

ಚರ್ಮದ ಹೊರಪದರ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಈ ರೋಗದಲ್ಲಿ ಕೆಲವೇ ದಿನಕ್ಕೆ ಹೊಸ ಪದರ ಮೇಲೆ ಬರುತ್ತದೆ. ಹಳೆಯದು ಉದುರಿ ಮುಗಿಯುವುದಿಲ್ಲ, ರಾಶಿ ಬೀಳುತ್ತದೆ. ಮದ್ದು ಆ ರಾಶಿಯನ್ನು ದಾಟಬೇಕು. ಅದು ಸುಲಭವಲ್ಲ. ಹಂಚು ಹೊದೆಸಿದ ಮಾಡಿನ ಹಾಗೆ, ಹೊರಗಿನದನ್ನು ಒಳಗೆ ಬಿಡದಿರಲೆಂದೇ ಚರ್ಮ ಇರುವುದು.

ಎಷ್ಟೋ ಟ್ಯೂಬುಗಳಲ್ಲಿ ಮದ್ದು ನೂರರಲ್ಲಿ ಒಂದು ಪಾಲು ಸಹ ಇರುವುದಿಲ್ಲ. ಉಳಿದದ್ದು ಅದನ್ನು ಹೊತ್ತೊಯ್ಯುವ ಜಿಡ್ಡು, ನೀರು ಇತ್ಯಾದಿ. ಈ ಹೊರುವ ವಸ್ತು ಸರಿಯಿಲ್ಲದಿದ್ದರೆ ಒಳ್ಳೆಯ ಮದ್ದೂ ಮೇಲೆಯೇ ಉಳಿಯುತ್ತದೆ. ವ್ಯಾಸಲೀನಿನಂಥ ಜಿಡ್ಡಿನ ಮುಲಾಮು ಚರ್ಮದ ತೇವ ಆರದಂತೆ ಮುಚ್ಚುತ್ತದೆ. ಹೊಟ್ಟು ಮೆತ್ತಗಾಗುತ್ತದೆ, ಮದ್ದು ಇಳಿಯುತ್ತದೆ. ಆದರೆ ಬಟ್ಟೆಗೆ ಮೆತ್ತುತ್ತದೆ ಅಂತ ಜನ ಬಿಟ್ಟುಬಿಡುತ್ತಾರೆ! ಕ್ರೀಮಿನಲ್ಲಿ ನೀರೂ ಇದೆ, ಅಷ್ಟು ಅಂಟುವುದಿಲ್ಲ. ಕೂದಲಿರುವ ತಲೆಗೆ ಲೋಷನ್, ಜೆಲ್ ಅನುಕೂಲ.

ಇನ್ನೊಂದು ತೊಡಕು ನೋಡಿ. ಈ ರೋಗಕ್ಕೆ ಕ್ಯಾಲ್ಸಿಪೋಟ್ರಿಯಾಲ್ ಮತ್ತು ಬೀಟಾಮೆಥಸೋನ್ ಎಂಬ ಎರಡು ಮದ್ದುಗಳಿವೆ. ಒಟ್ಟಿಗೆ ಹಚ್ಚಿದರೆ ಗುಣ ಹೆಚ್ಚು. ಆದರೆ ಮೊದಲನೆಯದು ಹುಳಿಯಲ್ಲಿ ಕೆಡುತ್ತದೆ. ಎರಡನೆಯದು ಸಾಬೂನಿನಂಥ ಕ್ಷಾರದಲ್ಲಿ ಕೆಡುತ್ತದೆ. ನೀರಿರುವ ಕ್ರೀಮಿನಲ್ಲಿ ಎರಡನ್ನೂ ಕೆಡದಂತೆ ಇಡುವುದು ಕಷ್ಟ. ಡೆನ್ಮಾರ್ಕಿನ ಲಿಯೋ ಫಾರ್ಮಾ ಕಂಪೆನಿಯವರು ನೀರೇ ಇಲ್ಲದ ಮುಲಾಮು ಮಾಡಿ 2001ರಲ್ಲಿ ಹೊರತಂದರು. ಆಮೇಲೆ ಅದೇ ಮದ್ದುಗಳ ನೊರೆ ಬಂತು. ಅದಕ್ಕೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಸಿಂಪಡಿಸಿದ ಕೂಡಲೇ ಅದರ ಅನಿಲ ಹಾರಿಹೋಗುತ್ತದೆ. ಉಳಿದ ತೆಳು ಪದರದಲ್ಲಿ ಮದ್ದು ದಟ್ಟವಾಗಿ, ಚರ್ಮದೊಳಗೆ ಬೇಗ ಇಳಿಯುತ್ತದೆ.

ಇಷ್ಟು ವರ್ಷ ಕೂತು ಮಾಡಿದ ಕೆಲಸವನ್ನು ನಾವು ಅಂಗೈಯಲ್ಲಿ ಕೆಡಿಸುವುದುಂಟು. ಎರಡು ಟ್ಯೂಬು ಕಲಸಿ ಹಚ್ಚಬೇಡಿ. ಹೊಟ್ಟು ಬಿಡಿಸುವ ಸ್ಯಾಲಿಸಿಲಿಕ್ ಆಮ್ಲ ತಾಗಿದರೂ ಕ್ಯಾಲ್ಸಿಪೋಟ್ರಿಯಾಲ್ ಕೆಡುತ್ತದೆ. ಬೀಟಾಮೆಥಸೋನ್ ಸ್ಟೆರಾಯ್ಡ್ ಜಾತಿಯದು. ಡಾಕ್ಟರರ ಚೀಟಿ ಇಲ್ಲದೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ತಟ್ಟನೆ ನಿಲ್ಲಿಸಿದರೆ ರೋಗ ಮತ್ತೆ ಜೋರಾಗಬಹುದು.

ಎಷ್ಟು ಹಚ್ಚಬೇಕು? ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು.