ನಾಯಿಯ ಹೆಸರು ‘ಬೆಕ್ಕು’, ಹುಡುಗರ ಕೈಲಿ ಗಿಟಾರು!

ಹದಿನಾಲ್ಕು ವರ್ಷದ ಹುಡುಗ. ಓದಿನಲ್ಲಿ ಸುಮಾರು, ಆಟದಲ್ಲಿ ಸುಮಾರು, ಮಾತಂತೂ ಕಡಿಮೆ. ಕ್ಲಾಸಿಗೆ ಬಂದರೂ ಒಂದೇ, ಬಾರದಿದ್ದರೂ ಒಂದೇ. ಹಾಜರಿ ಪುಸ್ತಕ ಬಿಟ್ಟರೆ ಅವನ ಹೆಸರು ಇನ್ನೆಲ್ಲೂ ಕೇಳಿಬರುವುದಿಲ್ಲ. ಇಂಥ ಒಬ್ಬ ಹುಡುಗ ಎಲ್ಲರ ಕ್ಲಾಸಿನಲ್ಲೂ ಇರುತ್ತಾನೆ. ನಿಮ್ಮ ಕ್ಲಾಸಿನಲ್ಲಿ ಇಲ್ಲ ಅನಿಸಿದರೆ, ಆ ಹುಡುಗ ನೀವೇ ಇರಬಹುದು!

ಜಪಾನಿನ ‘ಬೆಕ್’ ಶುರುವಾಗುವುದು ಇಂಥ ಹುಡುಗನಿಂದ. ಹೆಸರು ಯೂಕಿಯೊ ತನಾಕಾ, ಎಲ್ಲರೂ ಕರೆಯುವುದು ಕೊಯುಕಿ ಅಂತ. ಒಂದು ದಿನ ಕೆಲವು ಹುಡುಗರು ಬೀದಿಯಲ್ಲಿ ಒಂದು ವಿಚಿತ್ರ ನಾಯಿಯನ್ನು ಗೋಳು ಹೊಯ್ದುಕೊಳ್ಳುತ್ತಿರುತ್ತಾರೆ. ಬೇರೆ ಬೇರೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿಯಂತೆ ಕಾಣುವ ನಾಯಿ ಅದು. ಕೊಯುಕಿ ಅದನ್ನು ಬಿಡಿಸುತ್ತಾನೆ. ನಾಯಿಯ ಯಜಮಾನ ರ್ಯೂಸುಕೆ, ಅಮೆರಿಕದಲ್ಲಿ ಬೆಳೆದು ಬಂದ ಗಿಟಾರ್ ವಾದಕ. ನಾಯಿಯ ಹೆಸರು ಬೆಕ್. ಜಪಾನಿಯರು ಪದದ ಕೊನೆಗೆ ಒಂದು ಸ್ವರ ಸೇರಿಸಿಯೇ ಮಾತಾಡುವುದರಿಂದ ಅವರ ಬಾಯಲ್ಲಿ ಅದು ಸ್ವಚ್ಛ ಕನ್ನಡದ ‘ಬೆಕ್ಕು’! ಮುಂದೆ ಆ ಹುಡುಗರು ಕಟ್ಟುವ ರಾಕ್ ಬ್ಯಾಂಡಿಗೂ ಇದೇ ಹೆಸರು.

ಹ್ಯಾರಲ್ಡ್ ಸಾಕುಇಶಿ ಎಂಬ ಹೆಸರಿನಲ್ಲಿ ಬರೆಯುವ ಚಿತ್ರಕಾರ ಈ ಕಾಮಿಕ್ಸ್ ಅನ್ನು 1999ರಿಂದ 2008ರವರೆಗೆ ಒಂದು ಮಾಸಪತ್ರಿಕೆಯಲ್ಲಿ ಬರೆದರು. ಒಟ್ಟು 34 ಸಂಪುಟ. 2002ರಲ್ಲಿ ಅದಕ್ಕೆ ಕೊಡಾನ್ಶಾ ಮಾಂಗಾ ಪ್ರಶಸ್ತಿ ಬಂತು. ಮ್ಯಾಡ್‌ಹೌಸ್ ಸ್ಟುಡಿಯೊ 2004–05ರಲ್ಲಿ ಅದನ್ನು 26 ಕಂತುಗಳ ಅನಿಮೇಷನ್ ಸರಣಿ ಮಾಡಿತು. ಅಂದರೆ ಸರಣಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯಲ್ಲಿ ಕೂತು, ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ಇದನ್ನು ನೋಡುವವರೂ ಇದ್ದಾರೆ ಅಂದರೆ ಸಾಕುಇಶಿ ನಂಬುತ್ತಾರೋ ಇಲ್ಲವೋ!

ಕೈ ನೋಯಬೇಕು, ಆಮೇಲೆ ಹಾಡು

ಸಿನಿಮಾದಲ್ಲಿ ಹೀರೊ ಗಿಟಾರ್ ಹಿಡಿದ ಅಂದರೆ ಮುಗೀತು, ಮುಂದಿನ ಶಾಟ್‌ನಲ್ಲಿ ಸಾವಿರ ಜನ ಕೈ ಎತ್ತಿ ಕುಣಿಯುತ್ತಿರುತ್ತಾರೆ. ‘ಬೆಕ್’ ಹಾಗಲ್ಲ. ಕೊಯುಕಿಗೆ ಮೊದಲು ತಂತಿ ಒತ್ತಲೂ ಬರುವುದಿಲ್ಲ. ರ್ಯೂಸುಕೆ ಕೊಟ್ಟ ಗಿಟಾರು ಮುರಿದುಹೋಗಿ ಸ್ನೇಹವೇ ಕೆಡುತ್ತದೆ. ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ ಬೇರೆ. ಅವನು ಬ್ಯಾಂಡಿನೊಳಗೆ ಕಾಲಿಡುವಷ್ಟರಲ್ಲಿ ಕಂತುಗಳು ಸಾಕಷ್ಟು ಮುಗಿದಿರುತ್ತವೆ.

ಈ ಮಧ್ಯೆ ಅವನಿಗೆ ಸಿಗುವವರು ಸೈತೊ ಎಂಬ ನಡುವಯಸ್ಸಿನ ಮನುಷ್ಯ. ಕಾಗದದ ಸಣ್ಣ ಕಾರ್ಖಾನೆ ಇಟ್ಟುಕೊಂಡವರು, ಈಜು ಕಲಿಸುವವರು, ಬ್ರಿಟಿಷ್ ರಾಕ್ ಸಂಗೀತದ ಹುಚ್ಚರು. ಕೊಯುಕಿಗೆ ಈಜನ್ನೂ ಗಿಟಾರನ್ನೂ ಅವರೇ ಕಲಿಸುತ್ತಾರೆ. ಜೊತೆಗೆ ಕಾರ್ಖಾನೆಯಲ್ಲಿ ಮೈಮುರಿ ಕೆಲಸ. ಬೈಗುಳ ಯಥೇಚ್ಛ. ಆದರೆ ಹುಡುಗ ಬಂದ ಹೊತ್ತಿಗೆ ಆ ಮನುಷ್ಯ ಅಲ್ಲಿರುತ್ತಾರೆ. ಇಡೀ ಸರಣಿಯಲ್ಲಿ ನನಗೆ ಹೆಚ್ಚು ಇಷ್ಟವಾದವರು ಇವರೇ. ವೇದಿಕೆಯ ಮೇಲೆ ಇವರಿಗೆ ಜಾಗವಿಲ್ಲ. ಆದರೆ ಇವರಿಲ್ಲದಿದ್ದರೆ ವೇದಿಕೆ ಹತ್ತುವ ಹುಡುಗನೂ ಇರುತ್ತಿರಲಿಲ್ಲ.

ಉಳಿದವರೂ ಮಜಾ ಇದ್ದಾರೆ. ಜಗಳಗಂಟ ಚಿಬಾ ರ‍್ಯಾಪ್ ಮಾಡುತ್ತಾನೆ. ತಣ್ಣಗಿರುವ ತೈರಾ ಬೇಸ್ ನುಡಿಸುತ್ತಾನೆ. ಡ್ರಮ್ಸ್ ಬಾರಿಸುವವನ ಹೆಸರು ಸಾಕು. ಹೆಸರು ಹಾಗಿದ್ದರೂ ಬಾರಿಸುವುದು ಸಾಕು ಅಂತ ಅವನು ಒಮ್ಮೆಯೂ ಅಂದಿಲ್ಲ! ಶಾಲೆಯಲ್ಲಿ ಎಲ್ಲರೂ ಕೊಯುಕಿಯಿಂದ ದೂರ ಸರಿದಾಗ ಪಕ್ಕದಲ್ಲಿ ನಿಂತವನು ಇವನೇ. ಇವರೆಲ್ಲ ಕೊನೆಗೆ ‘ಗ್ರೇಟ್‌ಫುಲ್ ಸೌಂಡ್’ ಎಂಬ ದೊಡ್ಡ ಸಂಗೀತ ಹಬ್ಬಕ್ಕೆ ಹೋದಾಗಲೂ ಸಿಗುವುದು ಮೂರನೇ ವೇದಿಕೆ. ಮೇಲಿಂದ ಮಳೆ. ಅಲ್ಲಿಂದ ಅವರು ಜನರನ್ನು ಗೆಲ್ಲಬೇಕು.

ಕಾಗದದ ಮೇಲೆ ಹಾಡು ಕೇಳೋದು ಹೆಂಗ?

ಕಾಮಿಕ್ಸ್‌ನಲ್ಲಿ ಸದ್ದು ಇರುವುದಿಲ್ಲ. ಹಾಗಾದರೆ ಜಗತ್ತೇ ಬೆರಗಾಗುವಂಥ ಕೊಯುಕಿಯ ಕಂಠವನ್ನು ತೋರಿಸುವುದು ಹೇಗೆ? ಸಾಕುಇಶಿ ಹಾಡುವವನಿಗಿಂತ ಕೇಳುವವರನ್ನು ಬಿಡಿಸಿದರು. ಹರಟುತ್ತಿದ್ದವನ ಬಾಯಿ ಅರ್ಧಕ್ಕೇ ನಿಲ್ಲುತ್ತದೆ. ಹೊರಗೆ ಹೊರಟವಳು ತಿರುಗಿ ನೋಡುತ್ತಾಳೆ. ಪುಟದ ತುಂಬ ಮೌನ. ಓದುವವನ ತಲೆಯೊಳಗೆ ಅವನವನದೇ ಹಾಡು.

ಅನಿಮೇಷನ್ ಮಾಡಿದವರಿಗೆ ಈ ಸೌಲಭ್ಯ ಇರಲಿಲ್ಲ. ಅವರು ನಿಜವಾದ ಹಾಡುಗಳನ್ನೇ ಕೊಡಬೇಕಾಯಿತು. ಶುರುವಿನ ಹಾಡನ್ನು ಬೀಟ್ ಕ್ರುಸೇಡರ್ಸ್ ಎಂಬ ಜಪಾನಿ ಬ್ಯಾಂಡ್ ಹಾಡಿತು. 2010ರಲ್ಲಿ ಯೂಕಿಹಿಕೊ ತ್ಸುತ್ಸುಮಿ ನಿರ್ದೇಶನದಲ್ಲಿ ಸಿನಿಮಾ ಬಂದಾಗ ಅವರು ಇನ್ನೊಂದು ದಾರಿ ಹಿಡಿದರು. ಕೊಯುಕಿ ಮೈಕ್ ಮುಂದೆ ಬಾಯಿ ತೆರೆಯುತ್ತಾನೆ, ಅವನ ದನಿ ಮಾತ್ರ ನಮಗೆ ಕೇಳುವುದೇ ಇಲ್ಲ! ದುಡ್ಡು ಕೊಟ್ಟು ಬಂದವರಿಗೆ ಮೋಸ ಅಂತ ಕೆಲವರಿಗೆ ಅನಿಸಬಹುದು. ನನಗಂತೂ ಹಾಗನಿಸಲಿಲ್ಲ. ಎಲ್ಲರಿಗೂ ಇಷ್ಟವಾಗುವ ದನಿಯನ್ನು ಯಾವ ಸ್ಟುಡಿಯೊದಲ್ಲಿ ತಾನೇ ರೆಕಾರ್ಡ್ ಮಾಡುತ್ತೀರಿ?

ಟಿಕೆಟ್ ಮಾರಿದ ಮೇಲೆ ಸ್ಟೇಜು

ಜಪಾನಿನಲ್ಲಿ ಹದಿಹರೆಯದವರ ಬ್ಯಾಂಡಿನ ಕಥೆ ಇದೊಂದೇ ಅಲ್ಲ. 2009ರಲ್ಲಿ ಬಂದ ‘ಕೆ–ಆನ್’ ಸರಣಿಯಲ್ಲಿ ಹೈಸ್ಕೂಲಿನ ಸಂಗೀತ ಕ್ಲಬ್ಬು ನಾಲ್ಕು ಜನ ಸೇರದಿದ್ದರೆ ಮುಚ್ಚಿಹೋಗುವ ಸ್ಥಿತಿಯಲ್ಲಿರುತ್ತದೆ. 2022ರ ‘ಬೊಚ್ಚಿ ದಿ ರಾಕ್’ನ ಹುಡುಗಿ ಜನರಿಗೆ ಹೆದರಿ ಮೂರು ವರ್ಷ ಒಬ್ಬಳೇ ಗಿಟಾರ್ ಅಭ್ಯಾಸ ಮಾಡುತ್ತಾಳೆ, ಅವಳ ಪ್ರಾಕ್ಟೀಸ್ ರೂಮ್ ಅಂದರೆ ಹಾಸಿಗೆ ಇಡುವ ಗೋಡೆ ಕಪಾಟು.

ಈ ಕಥೆಗಳನ್ನು ನೋಡುವಾಗ ನನಗೆ ಅವುಗಳ ಹಿಂದಿರುವ ವ್ಯವಸ್ಥೆ ಕಾಣತೊಡಗಿತು. ಅಲ್ಲಿನ ಶಾಲೆಗಳಲ್ಲಿ ಪಾಠ ಮುಗಿದ ಮೇಲೆ ಕ್ಲಬ್ಬುಗಳು ನಡೆಯುತ್ತವೆ. ಈಜು, ಬೇಸ್‌ಬಾಲ್ ಇದ್ದ ಹಾಗೆ ಸಂಗೀತಕ್ಕೂ ಒಂದು ಕ್ಲಬ್ಬು, ಅದಕ್ಕೊಂದು ಕೋಣೆ. ಊರಿನೊಳಗೆ ‘ಲೈವ್ ಹೌಸ್’ ಎಂಬ ಸಣ್ಣ ಸಣ್ಣ ಹಾಲ್‌ಗಳು. ಹೊಸ ಬ್ಯಾಂಡಿಗೂ ಅಲ್ಲಿ ಹಾಡಲು ಅವಕಾಶ ಸಿಗುತ್ತದೆ, ಪುಕ್ಕಟೆ ಅಲ್ಲ. ಎಷ್ಟೋ ಕಡೆ ಬ್ಯಾಂಡಿಗೆ ಇಷ್ಟು ಟಿಕೆಟ್ ಮಾರಬೇಕು ಅಂತ ಕೋಟಾ ಇರುತ್ತದೆ. ಮಾರದೆ ಉಳಿದ ಟಿಕೆಟಿನ ದುಡ್ಡು ಹುಡುಗರ ಜೇಬಿನಿಂದಲೇ ಹೋಗಬೇಕು. ಅದಕ್ಕೇ ‘ಬೊಚ್ಚಿ’ಯ ಹುಡುಗಿಯರು ಪಾರ್ಟ್‌ಟೈಮ್ ಕೆಲಸ ಮಾಡುತ್ತಾರೆ. ರಾಕ್‌ಸ್ಟಾರ್ ಆಗುವ ಮೊದಲು ಎಲ್ಲರೂ ಟೇಬಲ್ ಒರೆಸಿದವರೇ!

ಲೆಕ್ಕ ಹಾಕಿದರೆ ಒಂದು ಬ್ಯಾಂಡಿಗೆ ಬೇಕಾದದ್ದು ಮೂರೇ ಸಂಗತಿ: ಸೇರಲು ಒಂದು ಕೋಣೆ, ಬೈದು ಕಲಿಸುವ ಒಬ್ಬ ಹಿರಿಯ, ತಪ್ಪಿದರೂ ನಡೆಯುವಂಥ ಒಂದು ಸಣ್ಣ ಸ್ಟೇಜು. ಗಿಟಾರು ಆಮೇಲಿನ ಮಾತು.

ನಮ್ಮ ಕಡೆಯ ಲೈವ್ ಹೌಸ್

ಈಗ ನಮ್ಮೂರಿಗೆ ಬನ್ನಿ. ಹಂಸಭಾವಿಯಲ್ಲಿ ಲೈವ್ ಹೌಸ್ ಎಲ್ಲಿಂದ ಬರಬೇಕು? ಆದರೆ ಶ್ರಾವಣ ಬಂತೆಂದರೆ ನಮ್ಮ ಕಡೆಯ ಊರುಗಳ ಗುಡಿಗಳಲ್ಲಿ ರಾತ್ರಿ ಭಜನೆ ಶುರು. ಒಂದು ಹಾರ್ಮೋನಿಯಂ, ಒಂದು ತಬಲಾ, ದಮ್ಮಡಿ, ತಾಳ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ. ಲೀಡ್, ಕೋರಸ್, ರಿದಂ ಎಲ್ಲವೂ ಇದೆ. ಕೋಣೆ ಇದೆ, ಹಿರಿಯರಿದ್ದಾರೆ, ಕೇಳುವವರೂ ಇದ್ದಾರೆ. ಟಿಕೆಟ್ ಕೋಟಾ ಇಲ್ಲ, ಕೊನೆಗೆ ಪ್ರಸಾದ ಬೇರೆ! ನನಗೆ ಕಂಡಂತೆ ಕಡಿಮೆಯಾಗಿರುವುದು ಒಂದೇ, ನಮ್ಮ ವಯಸ್ಸಿನವರು. ಗಣೇಶನ ಹಬ್ಬದ ರಸಮಂಜರಿಯ ಜಾಗಕ್ಕೆ ಡಿಜೆ ಬಂದ ಮೇಲೆ ಹುಡುಗರಿಗೆ ಸ್ಟೇಜಿನ ಮುಂದೆ ಕುಣಿಯುವ ಕೆಲಸ ಉಳಿದಿದೆ, ಸ್ಟೇಜ್ ಹತ್ತುವ ಕೆಲಸ ಇಲ್ಲ.

ಬೈದು ಕಲಿಸುವ ಹಿರಿಯರು ನಮ್ಮ ಮಣ್ಣಿಗೆ ಹೊಸಬರೇನಲ್ಲ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ನಮ್ಮ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, 1892ರಲ್ಲಿ. ಕಣ್ಣು ಕಾಣದ ಈ ಬಾಲಕನ ಬೆನ್ನಿಗೆ ನಿಂತವರು ಹಾನಗಲ್ ಕುಮಾರಸ್ವಾಮಿಗಳು. ಬಾಲಕ ಗವಾಯಿಯಾದ ಮೇಲೆ ತನ್ನಂಥದೇ ಮಕ್ಕಳನ್ನು ಸೇರಿಸಿಕೊಂಡು ಊಟ ಹಾಕಿ ಸಂಗೀತ ಕಲಿಸಿದರು. ಅವರಲ್ಲೊಬ್ಬರು ಅದೇ ತಾಲ್ಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅವರು 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ, ಅವರ ಕೈಗೆ ಯಾವ ವಾದ್ಯ ಕೊಟ್ಟರೂ ಹಾಡುತ್ತಿತ್ತು. ಸೈತೊ ಕಥೆಯಲ್ಲಿ ಒಬ್ಬ ಹುಡುಗನಿಗೆ ಕಲಿಸಿದ್ದನ್ನು ಇವರು ಬದುಕಿನಲ್ಲಿ ನೂರಾರು ಮಕ್ಕಳಿಗೆ ಮಾಡಿದರು.

ಶಿಶುನಾಳದಿಂದ ಗ್ಲಾಸ್ಟನ್‌ಬರಿಗೆ

‘ಭಜನಿಗೂ ರಾಕ್‌ಗೂ ಏನಲೇ ಸಂಬಂಧ?’ ಅಂತ ರೂಮ್‌ಮೇಟ್ ನಕ್ಕ. ಸಂಬಂಧ ಇದೆ, ಅದೂ ನಮ್ಮ ಜಿಲ್ಲೆಯಿಂದಲೇ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಮನೆಯ ಸೋರುವ ಮಾಳಿಗೆ, ಸೇದುವ ಗುಡುಗುಡಿ ಇಂಥವನ್ನೇ ಹಿಡಿದು ತತ್ವಪದ ಹಾಡಿದರು. ಮುಸ್ಲಿಂ ಮನೆಯ ಹುಡುಗನಿಗೆ ಕಳಸದ ಗೋವಿಂದ ಭಟ್ಟರು ಗುರುವಾದರು. ಅವರನ್ನು ಊರವರು ಏನೆಲ್ಲ ಅಂದಿರಬಹುದು, ಯೋಚಿಸಿ. ಶರೀಫರ ದನಿ ಹೇಗಿತ್ತು ಅಂತ ನಮ್ಮಲ್ಲಿ ಯಾರೂ ಕೇಳಿಲ್ಲ. ಕೊಯುಕಿಯ ದನಿಯಂತೆ ಅದೂ ನಾವು ಊಹಿಸಿಕೊಳ್ಳಬೇಕಾದದ್ದೇ.

ಆ ಪದಗಳು ಭಜನಾ ಮೇಳಗಳ ಬಾಯಲ್ಲಿ ಉಳಿದವು. ಸಿ. ಅಶ್ವತ್ಥ್ ಅವನ್ನು ಕ್ಯಾಸೆಟ್ಟಿಗೂ, 1990ರ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾಕ್ಕೂ ತಂದರು. ಆಮೇಲೆ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವೇ ಪದಗಳಿಗೆ ಗಿಟಾರು, ಡ್ರಮ್ಸು, ಪಿಟೀಲು ಕೂಡಿಸಿದರು. 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲೇ ಶರೀಫರಿದ್ದಾರೆ. 2011ರಲ್ಲಿ ಈ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಹಬ್ಬದಲ್ಲಿ, ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡಿತು. ‘ಗ್ರೇಟ್‌ಫುಲ್ ಸೌಂಡ್’ ಕಲ್ಪನೆಯ ಹಬ್ಬ, ಗ್ಲಾಸ್ಟನ್‌ಬರಿ ನಿಜದ್ದು. ಜಪಾನಿನ ಹುಡುಗರು ಇಂಗ್ಲಿಷಿನಲ್ಲಿ ಹಾಡಿ ಜಗತ್ತನ್ನು ಮುಟ್ಟಿದ್ದು ಕಥೆ. ನಮ್ಮ ಹಳ್ಳಿಯ ಕನ್ನಡ ಅಲ್ಲಿಗೆ ಮುಟ್ಟಿದ್ದು ನಡೆದ ಸಂಗತಿ.

ಶ್ರುತಿ ಹಿಡಿಯಪಾ ಮೊದಲ

ನಮ್ಮ ಹಾಸ್ಟೆಲಿನ ನಮ್ಮ ಫ್ಲೋರಿನಲ್ಲಿ ಐದು ಗಿಟಾರುಗಳಿವೆ. ನಾಲ್ಕು ಮಂಚದ ಕೆಳಗೆ. ಫೆಸ್ಟ್ ಹತ್ತಿರ ಬಂದಾಗ ಒಂದು ತಿಂಗಳು ಹೊರಗೆ ಬರುತ್ತವೆ, ಬ್ಯಾಂಡ್ ಹುಟ್ಟುತ್ತದೆ, ಫೆಸ್ಟ್ ಮುಗಿದ ಮಾರನೇ ದಿನ ಇಂಟರ್ನಲ್ಸ್ ಟೈಮ್‌ಟೇಬಲ್ ಬಂದು ಬ್ಯಾಂಡ್ ಸಾಯುತ್ತದೆ. ಆರನೇ ಸೆಮ್ ಹೊತ್ತಿಗೆ ಎಲ್ಲರ ಬಾಯಲ್ಲೂ ಪ್ಲೇಸ್‌ಮೆಂಟ್. ಮನೆಗೆ ಹೋದರೆ ಕಾಕಾನ ಪ್ರಶ್ನೆ ಸಿದ್ಧವಾಗಿರುತ್ತದೆ: ‘ಇದರಿಂದ ಹೊಟ್ಟಿ ತುಂಬತೈತೇನು?’ ಪ್ರಶ್ನೆ ಸುಳ್ಳಲ್ಲ. ಸಾಲ ಮಾಡಿ ಫೀಸು ಕಟ್ಟಿದ ಮನೆಯಲ್ಲಿ ಆ ಪ್ರಶ್ನೆ ಬರಲೇಬೇಕು. ‘ಬೆಕ್’ ಕೂಡ ಅದನ್ನು ಮುಚ್ಚಿಡುವುದಿಲ್ಲ; ಅಲ್ಲಿನ ಹುಡುಗರಿಗೂ ದುಡ್ಡಿನ ತಾಪತ್ರಯ ಕೊನೆಯವರೆಗೂ ತಪ್ಪುವುದಿಲ್ಲ.

ಆದರೆ ನಮ್ಮೂರ ಭಜನೆಯಲ್ಲಿ ಹಾರ್ಮೋನಿಯಂ ಹಿಡಿಯುವ ಅಜ್ಜಾರು ಹಗಲು ಹೊಲದಲ್ಲಿ ಮೆಕ್ಕೆಜೋಳ ನೋಡಿಕೊಂಡೇ ರಾತ್ರಿ ಹಾಡುವವರು. ಹೊಟ್ಟೆಯ ಪ್ರಶ್ನೆಗೆ ಹೊಲ ಉತ್ತರ ಕೊಟ್ಟಿತು, ಹಾಡು ಬೇರೆ ಯಾವುದಕ್ಕೋ ಉತ್ತರ ಕೊಟ್ಟಿತು. ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆದು ಬ್ಯಾಲೆನ್ಸ್ ಶೀಟ್ ತಾಳೆಯಾಗುವುದಿಲ್ಲ ಅಂತ ಗೊಣಗುವವರು ನಾವೇ. ಎಂಜಿನಿಯರ್ ಆಗುವುದೋ, ಹಾಡುವುದೋ ಅಂತ ಅಜ್ಜಾರ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಹಗಲಿಗೊಂದು, ರಾತ್ರಿಗೊಂದು.

ಕಳೆದ ಶ್ರಾವಣದಲ್ಲಿ ನಾವು ಇಬ್ಬರು ಗಿಟಾರ್ ತಗೊಂಡು ಅವರ ಪಕ್ಕ ಕೂತೆವು. ನನ್ನ ಗೆಳೆಯ ಕಾರ್ಡ್ ಹುಡುಕಲು ಮೊಬೈಲ್ ತೆಗೆದ. ಅಜ್ಜಾರು ಕನ್ನಡಕದ ಮೇಲಿಂದ ನೋಡಿ, ‘ಶ್ರುತಿ ಹಿಡಿಯಪಾ ಮೊದಲ, ಆಮ್ಯಾಲೆ ಮೊಬೈಲ್ ಹಿಡಿ’ ಅಂದರು. ಅವರ ಶ್ರುತಿ ಕಾಳಿ ಒಂದು. ಮೊದಲ ಫ್ರೆಟ್ಟಿಗೆ ಕೇಪೊ ಹಾಕಿ ‘ಸಿ’ ಕಾರ್ಡ್ ಹಿಡಿದರೆ ಸರಿಯಾಗಿ ಅದೇ ಶ್ರುತಿ! ಗಿಟಾರು ಇಟ್ಟುಕೊಂಡವರು ಬರೆದಿಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ ಒಂದು ತತ್ವಪದಕ್ಕೆ ನಾವು ತಾಳ ತಪ್ಪದೆ ನುಡಿಸುತ್ತಿದ್ದೆವು. ಹನ್ನೊಂದನೇ ನಿಮಿಷಕ್ಕೆ ಅಜ್ಜಾರು ಲಯ ಏರಿಸಿದರು, ನಾವು ಹಿಂದೆ ಬಿದ್ದೆವು. ಗುಡಿಯಲ್ಲಿದ್ದವರೆಲ್ಲ ನಕ್ಕರು. ಮರುದಿನ ಬರಲೇಬೇಕೆಂದು ಹೇಳಿ ಕಳಿಸಿದರು.

ಫ್ರೆಂಡ್ಸ್, ‘ಬೆಕ್’ ನೋಡಿ, ಖಂಡಿತ ನೋಡಿ. 26 ಕಂತು, ಒಂದು ಸೆಮಿಸ್ಟರ್ ರಜೆಗೆ ಸರಿಹೋಗುತ್ತದೆ. ನೋಡಿದ ಮೇಲೆ ಮಂಚದ ಕೆಳಗಿನ ಗಿಟಾರಿನ ಧೂಳು ಕೊಡವಿ. ಲೈವ್ ಹೌಸ್ ಹುಡುಕಿಕೊಂಡು ಬೆಂಗಳೂರಿಗೇ ಹೋಗಬೇಕು ಅಂತೇನೂ ಇಲ್ಲ. ನಿಮ್ಮ ಓಣಿಯ ಗುಡಿಯಲ್ಲಿ ಇವತ್ತು ರಾತ್ರಿ ಯಾರೋ ಹಾರ್ಮೋನಿಯಂ ತೆರೆಯುತ್ತಿರಬಹುದು, ಪಕ್ಕದ ಜಾಗ ಖಾಲಿ ಇರಬಹುದು.

– ಬಿ.ಇ. ವಿದ್ಯಾರ್ಥಿ, ಹಂಸಭಾವಿ