ಒಬ್ಬರೇ ಗೋವಾಕ್ಕೆ ಹೊರಟಿರಾ? ಗಿಂಡಿ ಮರೆಯಬೇಡಿ!



ನಮ್ಮ ಉಡುಪಿಯ ಕಡೆ 'ಗಿಂಡಿ' ಎಂದರೆ ಮೂತಿಯಿರುವ ಸಣ್ಣ ಪಾತ್ರೆ. ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಡುವುದು ಅದರಲ್ಲೇ. 1994ರಲ್ಲಿ ಮದುವೆಯಾಗಿ ಮದರಾಸಿಗೆ ಹೊರಟಾಗ, ನಾನು ಸಂಸಾರ ಹೂಡುವುದು ಗಿಂಡಿಯಲ್ಲಿ ಎಂದು ಕೇಳಿ ನಮ್ಮಜ್ಜಿ, "ಅಷ್ಟು ಸಣ್ಣ ಜಾಗದಲ್ಲಿ ಇಬ್ಬರು ಹೇಗೆ ಇರ್ತೀರಿ?" ಎಂದು ನಕ್ಕಿದ್ದರು! ಇಲ್ಲೇ ಹುಟ್ಟಿ ಬೆಳೆದ ನಿಮಗೆ ಗಿಂಡಿ ಎಂದರೆ ರೈಲು ನಿಲ್ದಾಣ, ಎಂಜಿನಿಯರಿಂಗ್ ಕಾಲೇಜು, ಜಿಂಕೆಗಳ ಉದ್ಯಾನ. ನನಗೆ ಮಾತ್ರ ಇಂದಿಗೂ ಮೊದಲು ನೆನಪಾಗುವುದು ಆ ಪಾತ್ರೆಯೇ. ಇಂದಿನ ಲೇಖನಕ್ಕೂ ಅದು ಬೇಕಾಗುತ್ತದೆ, ಸ್ವಲ್ಪ ತಾಳಿ.

ಆಗ ನಮ್ಮ ಮನೆ ರೇಸ್ ಕೋರ್ಸಿಗೆ ಹತ್ತಿರವಿತ್ತು. 1777ರಿಂದ ಕುದುರೆ ಓಡಿದ ಮೈದಾನ ಅದು. ರೇಸ್ ಇದ್ದ ದಿನ ಮಧ್ಯಾಹ್ನ ರೈಲಿನಿಂದ ಜನ ಇಳಿಯುತ್ತಿದ್ದರು. ಕೈಯಲ್ಲಿ ರೇಸ್ ಪುಸ್ತಕ, ಕಿವಿಯಲ್ಲಿ ಪೆನ್ಸಿಲ್, ಕಾಲಿನಲ್ಲಿ ಅವಸರ. ಸಂಜೆ ಅದೇ ಜನ ಹಿಂದಿರುಗುವಾಗ ಅವಸರವಿರುತ್ತಿರಲಿಲ್ಲ. ಬಟ್ಟೆ ಒಣಹಾಕುತ್ತ ಮೇಲಿನಿಂದ ನೋಡುತ್ತಿದ್ದ ನನಗೆ, ಯಾರು ಗೆದ್ದರು ಯಾರು ಸೋತರು ಎಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

ಅವರಲ್ಲೊಬ್ಬರು ನನ್ನ ಸೋದರಮಾವ. ಹೊಸೂರಿನಲ್ಲಿ ಕಾರ್ಖಾನೆ ಕೆಲಸ. "ನಿನ್ನನ್ನು ನೋಡಿ ಹೋಗೋಣ ಅಂತ ಬಂದೆ ಮಗಾ" ಎಂದು ಬರುತ್ತಿದ್ದರು. ನನಗೂ ತವರಿನವರು ಬಂದರೆಂಬ ಸಂಭ್ರಮ! ಒಂದು ಭಾನುವಾರ ರಾತ್ರಿ ಎಂಟು ಗಂಟೆಗೆ ಬಾಗಿಲಲ್ಲಿ ನಿಂತು, ಜೇಬುಗಳ್ಳರು ಹಣ ಹೊಡೆದರು ಎಂದರು. ನಮ್ಮವರು ಏನೂ ಕೇಳದೆ ಬಸ್ ಚಾರ್ಜು ಕೊಟ್ಟು ಕಳಿಸಿದರು. ತಿಂಗಳು ಕಳೆದ ಮೇಲೆ ತಿಳಿಯಿತು, ಅತ್ತೆಯ ನಾಲ್ಕು ಬಳೆ ಗಿರವಿ ಅಂಗಡಿ ಸೇರಿದ್ದವು. ಅವು ಮತ್ತೆ ಮನೆಗೆ ಬರಲಿಲ್ಲ. ನಾನು ಕುದುರೆಯನ್ನೂ ದೂರುವುದಿಲ್ಲ, ಮೈದಾನವನ್ನೂ ದೂರುವುದಿಲ್ಲ. ಆಡಿದ್ದು ಮಾವನ ಕೈ. ಆದರೆ ಅವರು ಕೊನೆಗಾಲದಲ್ಲಿ ಹೇಳಿದ ಮಾತು ನನ್ನಲ್ಲಿ ಉಳಿದಿದೆ: "ಒಬ್ಬನೇ ಹೋಗ್ತಿದ್ದೆ ನೋಡು. 'ಸಾಕು, ಏಳಿ' ಅನ್ನೋರು ಪಕ್ಕದಲ್ಲಿ ಯಾರೂ ಇರಲಿಲ್ಲ."

ಈ ಹಳೆಯ ಕಥೆ ಈಗೇಕೆ ಎಂದಿರಾ? 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಗುತ್ತಿಗೆ ರದ್ದುಮಾಡಿ ಆ 160 ಎಕರೆ ಮೈದಾನಕ್ಕೆ ಬೀಗ ಹಾಕಿತು. ಮಳೆನೀರು ನಿಲ್ಲಲು ಅಲ್ಲಿ ಕೆರೆ ತೋಡಿದರು. ಗಿಂಡಿಯ ಜೂಜಿನ ಕಾಟ ಮುಗಿಯಿತು ಎಂದು ನಾನು ನಿಟ್ಟುಸಿರು ಬಿಟ್ಟ ಸ್ವಲ್ಪ ಕಾಲಕ್ಕೇ ನನ್ನ ಅಕ್ಕನ ಮಗಳ ಫೋನು ಬಂತು. ಇಪ್ಪತ್ತನಾಲ್ಕು ವಯಸ್ಸು, ಇಲ್ಲೇ ಒಂದು ಕಂಪನಿಯಲ್ಲಿ ಕೆಲಸ. "ಚಿಕ್ಕಮ್ಮ, ಮೂರು ದಿನ ಗೋವಾಕ್ಕೆ ಹೋಗ್ತಿದೀನಿ. ಒಬ್ಬಳೇ. ಕ್ಯಾಸಿನೋನೂ ನೋಡ್ಬೇಕು. ಅಮ್ಮನಿಗೆ ನೀವೇ ಹೇಳಿ!"

ಬೇಡ ಎನ್ನಲು ಬಾಯಿ ತೆರೆದೆ. ಆಮೇಲೆ ಯೋಚಿಸಿದೆ. ಬೇಡ ಎಂದರೆ ಹೇಳದೆ ಹೋಗುತ್ತಾಳೆ. ಮಾವನೂ ಹೇಳದೆ ಹೋದವರೇ ಅಲ್ಲವೇ? ಅದಕ್ಕೇ, "ಹೋಗು, ಆದರೆ ಹೊರಡುವ ಮೊದಲು ನನ್ನ ಜೊತೆ ಕೂತು ಲೆಕ್ಕ ಹಾಕು" ಎಂದೆ. ಅಂದು ನಾವಿಬ್ಬರೂ ಕಾಫಿ ಕುಡಿಯುತ್ತ ಬರೆದ ಪಟ್ಟಿಯೇ ಈ ಲೇಖನ.

ಮೊದಲು ಊರಿನ ಪರಿಚಯ

ಭಾರತದಲ್ಲಿ ಕ್ಯಾಸಿನೋ ನೋಡಲು ಹೆಚ್ಚಿನವರು ಹೋಗುವುದು ಗೋವಾಕ್ಕೆ. ಅಲ್ಲಿನ ಸರ್ಕಾರ 1992ರಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೂ, 1996ರಲ್ಲಿ ಹಡಗಿನಲ್ಲಿ ಮೇಜಿನ ಆಟಗಳಿಗೂ ಕಾನೂನು ತಿದ್ದಿ ಅವಕಾಶ ಕೊಟ್ಟಿತು. ಪಣಜಿಯ ಮಾಂಡೋವಿ ನದಿಯಲ್ಲಿ ಈ ಹಡಗುಗಳು ದೀಪ ಹಚ್ಚಿಕೊಂಡು ನಿಂತಿರುತ್ತವೆ. ಮಾಂಡೋವಿ ಎಂದರೆ ಬೇರೇನಲ್ಲ, ನಮ್ಮ ಕರ್ನಾಟಕದಲ್ಲಿ ಹುಟ್ಟುವ ಮಹದಾಯಿ!

ಒಳಗೆ ಹೋಗಲು 21 ವರ್ಷ ತುಂಬಿರಬೇಕು. ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಲಿ. ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಹೋದ ಹುಡುಗರನ್ನು ಬಾಗಿಲಿನಿಂದಲೇ ಹಿಂದೆ ಕಳಿಸುವುದುಂಟು. ಒಂದು ವಿಷಯ ಗಮನಿಸಿ: 2020ರ ಫೆಬ್ರವರಿಯಿಂದ ಗೋವಾದ ಜನರಿಗೇ ಜೂಜಿನ ಕೋಣೆಗೆ ಪ್ರವೇಶ ನಿಷೇಧಿಸಿದರು. ಮನೆಯವರು ಮುಟ್ಟದ ಅಡುಗೆಯನ್ನು ನೆಂಟರಿಗೆ ಬಡಿಸಿದರೆ ನೀವು ಏನೆಂದುಕೊಳ್ಳುತ್ತೀರಿ?

ಟಿಕೆಟ್ ತೆಗೆಸುವಾಗ

ಗೋವಾಕ್ಕೆ ಈಗ ಎರಡು ವಿಮಾನ ನಿಲ್ದಾಣಗಳಿವೆ: ಹಳೆಯ ದಾಬೋಲಿಮ್, 2023ರ ಜನವರಿಯಲ್ಲಿ ಶುರುವಾದ ಮೋಪಾ. ಒಂದು ದಕ್ಷಿಣಕ್ಕೆ, ಇನ್ನೊಂದು ಉತ್ತರದ ತುದಿಗೆ. ಬರುವುದು ಒಂದಕ್ಕೆ, ಹೋಗುವುದು ಇನ್ನೊಂದರಿಂದ ಎಂದಾದರೆ ಟ್ಯಾಕ್ಸಿಯಲ್ಲೇ ಹಣ ಕರಗುತ್ತದೆ. ಟಿಕೆಟನ್ನು ಎರಡು ಸಲ ಓದಿ. ರೈಲಿನಲ್ಲಿ ಹೋಗುವವರಿಗೆ ಪಣಜಿಗೆ ಹತ್ತಿರದ ನಿಲ್ದಾಣ ಕರ್ಮಲಿ. ಪುರುಸೊತ್ತಿದ್ದರೆ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಮಾರ್ಗದಲ್ಲಿ ಹಗಲು ಹೊತ್ತು ಹೋಗಿ. ಮಳೆಗಾಲ ಮುಗಿದ ಹೊಸತರಲ್ಲಿ ದೂಧಸಾಗರ ಜಲಪಾತ ಕಿಟಕಿಯಿಂದಲೇ ಕಾಣುತ್ತದೆ. ಅದಕ್ಕೆ ಟಿಕೆಟ್ ಇಲ್ಲ, ಸೋಲೂ ಇಲ್ಲ!

ಹೋಗುವ ಟಿಕೆಟಿನ ಜೊತೆಯಲ್ಲೇ ಬರುವ ಟಿಕೆಟನ್ನೂ ತೆಗೆಸಿ, ಕೋಣೆಯ ಬಾಡಿಗೆಯನ್ನೂ ಮೊದಲೇ ಕಟ್ಟಿ. ಮಾವನ ಬಳಿ ಅಂದು ಬಸ್ ಚಾರ್ಜು ಉಳಿದಿರಲಿಲ್ಲ ಎಂಬುದನ್ನು ನೆನಪಿಡಿ.

ಊರೊಳಗೆ ಓಡಾಟ

ಚೆನ್ನೈಯಲ್ಲಿ ಬಳಸುವ ಟ್ಯಾಕ್ಸಿ ಆ್ಯಪುಗಳನ್ನೇ ನಂಬಿ ಹೋಗಬೇಡಿ. ನಿಲ್ದಾಣದ ಪ್ರೀಪೇಯ್ಡ್ ಕೌಂಟರ್ ಅಥವಾ ಅಲ್ಲಿನ ಗೋವಾಮೈಲ್ಸ್ ಸೇವೆ ಒಳ್ಳೆಯದು. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವವರನ್ನು ಅಲ್ಲಿ 'ಪೈಲಟ್' ಎನ್ನುತ್ತಾರೆ. ಹಳದಿ ಮಡ್‌ಗಾರ್ಡ್ ನೋಡಿ ಗುರುತಿಸಿ, ಬಾಡಿಗೆ ಮೊದಲೇ ಮಾತಾಡಿ. ಸ್ಕೂಟರ್ ಬಾಡಿಗೆಗೆ ಪಡೆಯುವುದಾದರೆ ಕಪ್ಪು ನಂಬರ್ ಪ್ಲೇಟಿನಲ್ಲಿ ಹಳದಿ ಅಕ್ಷರವಿರುವುದನ್ನೇ ಪಡೆಯಿರಿ. ಬಿಳಿ ಪ್ಲೇಟಿನ ಗಾಡಿ ಬಾಡಿಗೆಗಲ್ಲ. ಹೆಲ್ಮೆಟ್ ಹಾಕಿ. ಕುಡಿದು ಮಾತ್ರ ಖಂಡಿತ ಓಡಿಸಬೇಡಿ. ಕಡಲತೀರದಲ್ಲಿ ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಬೇಡಿ. ತೊಂದರೆಯಾದರೆ 112, ಹೆಣ್ಣುಮಕ್ಕಳಿಗೆ 1091, ಪ್ರವಾಸಿಗರ ಸಹಾಯಕ್ಕೆ 1363. ಇವನ್ನು ಕಾಗದದಲ್ಲೂ ಬರೆದಿಡಿ. ಫೋನಿನ ಬ್ಯಾಟರಿ ಬೇಕಾದಾಗಲೇ ಸಾಯುತ್ತದೆ!

ಅಲ್ಲಿನ ಸರ್ಕಾರಿ ಬಸ್ಸಿನ ಹೆಸರು ನೋಡಿದಿರಾ? 'ಕದಂಬ'! ಬನವಾಸಿಯ ಕದಂಬರ ಹೆಸರು ಹೊತ್ತ ವಂಶವೇ ಗೋವಾವನ್ನು ಆಳಿದ್ದು. ವಾಸ್ಕೋ, ಪಣಜಿಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕನ್ನಡಿಗರು ಬಹಳ. ದಾರಿ ತಪ್ಪಿದರೆ ಧೈರ್ಯವಾಗಿ ಕನ್ನಡದಲ್ಲಿ ಕೇಳಿ. ಅರ್ಧ ತಮಿಳು ಬೆರೆತ ನಿಮ್ಮ ಕನ್ನಡಕ್ಕೂ ಅಲ್ಲಿ ಉತ್ತರ ಸಿಗುತ್ತದೆ!

ಹಡಗಿನೊಳಗೆ

ದಡದಿಂದ ಹಡಗಿಗೆ ಅವರದೇ ದೋಣಿ. ಮನಸ್ಸಾದ ಕೂಡಲೇ ಎದ್ದು ರಸ್ತೆಗೆ ಬರಲಾಗದು, ದೋಣಿಗೆ ಕಾಯಬೇಕು. ಕಾಯುವ ಹೊತ್ತಿನಲ್ಲೇ 'ಇನ್ನೊಂದು ಆಟ' ಎನಿಸುವುದು! ಪ್ರವೇಶದ ಹಣದಲ್ಲಿ ಊಟ, ಪಾನೀಯ ಸೇರಿರುವುದು ಸಾಮಾನ್ಯ. ಪುಕ್ಕಟೆ ಎಂದು ಕುಡಿಯುತ್ತ ಹೋದರೆ ಲೆಕ್ಕ ಹಾಕುವ ಬುದ್ಧಿಯೇ ಮೊದಲು ಮುಳುಗುತ್ತದೆ. ಒಬ್ಬರೇ ಇರುವಾಗ ನಿಮ್ಮ ಲೋಟ ನಿಮ್ಮ ಕಣ್ಣೆದುರೇ ಇರಲಿ.

ಇನ್ನು ಲೆಕ್ಕ. ರೂಲೆಟ್ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆಗಳು. ನಿಮ್ಮ ಸಂಖ್ಯೆ ಬಂದರೆ ನೂರಕ್ಕೆ 3,500 ಕೊಟ್ಟು, ನಿಮ್ಮ ನೂರನ್ನೂ ಹಿಂದಿರುಗಿಸುತ್ತಾರೆ. ಕೇಳಲು ಬಲು ಚೆಂದ! ಆದರೆ 37 ಸಲ ನೂರು ನೂರು ಇಟ್ಟರೆ ಕೈಬಿಟ್ಟದ್ದು 3,700. ಸರಾಸರಿ ಒಂದು ಸಲ ಗೆದ್ದು ಬಂದದ್ದು 3,600. ಉಳಿದ ನೂರು ಮನೆಯ ಯಜಮಾನನದು. ಎರಡು ಸೊನ್ನೆಯ ಚಕ್ರವಾದರೆ 3,800ಕ್ಕೆ 3,600. ಯಾರೂ ಮೋಸ ಮಾಡಬೇಕಾಗಿಲ್ಲ. ಚಕ್ರವನ್ನು ಹಾಗೆಯೇ ಮಾಡಿದ್ದಾರೆ. ಇದರ ಮೇಲೆ ತೆರಿಗೆ ಬೇರೆ. ಚಿಪ್ಸ್ ಕೊಳ್ಳುವ ಹಣದ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರಿನಿಂದ ನೂರಕ್ಕೆ 28 ಇದ್ದದ್ದು, 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ಗೆದ್ದ ಹಣಕ್ಕೆ ನೂರಕ್ಕೆ 30 ವರಮಾನ ತೆರಿಗೆ. ಕೊಡುವ ಹಣಕ್ಕೆ ಕೈಗೆ ಬರುವ ಚಿಪ್ಸ್ ಎಷ್ಟು ಎಂದು ಕೌಂಟರಿನಲ್ಲಿ ನಾಚದೆ ಕೇಳಿ. ಸೋತದ್ದನ್ನು ಕೋಣೆಗೆ ಬಂದು ಫೋನಿನಲ್ಲಿ ಗೆಲ್ಲುತ್ತೇನೆ ಎಂದು ಮಾತ್ರ ಹೊರಡಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ.

ಗಿಂಡಿ ಮತ್ತು ಕೊಡ

ಈಗ ಬಂತು ನೋಡಿ ನಮ್ಮ ಗಿಂಡಿ! ಅದರ ಮೂತಿಯಿಂದ ನೀರು ಸಣ್ಣಗೆ ಬೀಳುತ್ತದೆ, ಖಾಲಿಯಾದದ್ದೇ ತಿಳಿಯುವುದಿಲ್ಲ. ಹಾಗೆಂದು ತುಂಬಿದ ಕೊಡವನ್ನೇ ಯಾರೂ ಜಗಲಿಗೆ ತಂದಿಡುವುದಿಲ್ಲ. ನೀವೂ ಹಾಗೇ ಮಾಡಿ. ಕಳೆದುಕೊಂಡರೂ ಬೇಸರವಾಗದ ಹಣ ಎಷ್ಟೆಂದು ಗಿಂಡಿಯಲ್ಲಿರುವಾಗಲೇ, ಅಂದರೆ ನಮ್ಮೂರು ಬಿಡುವ ಮೊದಲೇ, ನಿರ್ಧರಿಸಿ. ಅಷ್ಟನ್ನೇ ನಗದಾಗಿ ಒಂದು ಲಕೋಟೆಯಲ್ಲಿ ಹಾಕಿ. ಅದು ನಿಮ್ಮ ಗಿಂಡಿ. ಬ್ಯಾಂಕ್ ಕಾರ್ಡು ನಿಮ್ಮ ಕೊಡ. ಅದು ಕೋಣೆಯ ಲಾಕರಿನಲ್ಲಿರಲಿ. ಫೋನಿನ ಯುಪಿಐಗೂ ದಿನದ ಮಿತಿ ಹಾಕಿ. ಕೋಣೆಗೆ ಮರಳುವ ಟ್ಯಾಕ್ಸಿಯ ದುಡ್ಡು ಬೇರೆ ಜೇಬಿನಲ್ಲಿರಲಿ, ಅದನ್ನು ಮುಟ್ಟಬಾರದು. ಗಿಂಡಿ ಬರಿದಾಯಿತೇ, ಏಳಿ.

ಹೇಳುವುದು ಸುಲಭ. ಏಳಿಸುವವರು ಯಾರು? ನಾನು ಬಿಎ ಓದುವಾಗ ದೊಸ್ತೋಯೆವ್ಸ್ಕಿಯ 'ದಿ ಗ್ಯಾಂಬ್ಲರ್' ಓದಿದ್ದೆ. 1866ರಲ್ಲಿ ಸಾಲ ತೀರಿಸಲು ಅವಸರದಲ್ಲಿ ಬರೆದ ಕಾದಂಬರಿ. ಜೂಜಿನ ಮರುಳನ್ನು ಅಷ್ಟು ಚೆನ್ನಾಗಿ ಬರೆದ ಮನುಷ್ಯನೇ ಮತ್ತೆ ವರ್ಷಗಟ್ಟಲೆ ರೂಲೆಟ್ ಮೇಜಿನ ಮುಂದೆ ಕುಳಿತ! ಬುದ್ಧಿ ಇದ್ದರೆ ಸಾಲದು ಎಂದಾಯಿತು. ನಮ್ಮ ಯಕ್ಷಗಾನದಲ್ಲಿ ಧರ್ಮರಾಯನ ಜೂಜು ನೋಡಿದ್ದೀರಲ್ಲ, ನಾಲ್ವರು ತಮ್ಮಂದಿರು ಪಕ್ಕದಲ್ಲೇ ಇದ್ದರು. ಅವರ ಮಾತು ನಡೆಯಲಿಲ್ಲ. ಜೊತೆ ಇದ್ದರೂ ಸಾಲದು ಎಂದಾಯಿತು. ಆಟ ಶುರುವಾಗುವ ಮೊದಲೇ 'ನಿನ್ನ ಮಾತು ಕೇಳುತ್ತೇನೆ' ಎಂದು ಒಬ್ಬರಿಗೆ ಮಾತು ಕೊಟ್ಟಿರಬೇಕು. ಅಕ್ಕನೋ ಗೆಳೆಯನೋ ಚಿಕ್ಕಮ್ಮನೋ, ನಿಮ್ಮನ್ನು ಬೈಯದೆ ಕೇಳುವವರು ಯಾರಾದರೂ ಆಗಲಿ. ಹೋಟೆಲಿನ ಹೆಸರು, ಹಡಗಿನ ಹೆಸರು, ಹಿಂದಿರುಗುವ ಗಂಟೆ ಅವರಿಗೆ ಗೊತ್ತಿರಲಿ. ಗೊತ್ತುಮಾಡಿದ ಹೊತ್ತಿಗೆ ಅವರು ಫೋನು ಮಾಡಲಿ, ನೀವು ಎತ್ತಲೇಬೇಕು.

ಆಫೀಸಿನ ಕೆಲಸಕ್ಕೆ ಅಮೆರಿಕದ ಲಾಸ್ ವೇಗಸ್‌ಗೆ ಹೋಗುವ ಮಕ್ಕಳಿಗೂ ಇದೇ ಮಾತು. ಅಲ್ಲಿ ವಿಮಾನ ನಿಲ್ದಾಣದಲ್ಲೇ ಜೂಜಿನ ಯಂತ್ರಗಳು ಕಾದಿರುತ್ತವೆ! ಅಲ್ಲಿಯೂ ವಯಸ್ಸು 21. ಕೋಣೆ ಬಾಡಿಗೆಯ ಮೇಲೆ 'ರೆಸಾರ್ಟ್ ಫೀ' ಎಂದು ದಿನಕ್ಕಿಷ್ಟು ಸೇರಿಸುವ ಹೋಟೆಲುಗಳು ಬಹಳ. ಮರುಭೂಮಿಯ ಊರು, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಹತ್ತಿರ ಕಂಡ ಕಟ್ಟಡ ನಡೆದಷ್ಟೂ ದೂರ. ನೀರಿನ ಬಾಟಲಿ ಬಿಡಬೇಡಿ.

ಆಮೇಲೇನಾಯಿತು?

ನನ್ನ ಅಕ್ಕನ ಮಗಳು ಲಕೋಟೆಯಲ್ಲಿ ಮೂರು ಸಾವಿರ ಇಟ್ಟುಕೊಂಡು ಹೋದಳು. ಎರಡನೆಯ ರಾತ್ರಿ ಹತ್ತಕ್ಕೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಆ ಹತ್ತು ನಿಮಿಷ ನನ್ನ ಕಣ್ಣ ಮುಂದೆ ಬಂದದ್ದು ಬಾಗಿಲಲ್ಲಿ ನಿಂತ ಮಾವ. ಮೂರನೆಯ ಸಲ ಎತ್ತಿದಳು. ಹಿಂದೆ ಗದ್ದಲ.

"ಚಿಕ್ಕಮ್ಮ, ಎಲ್ಲಾ ಹೋಯ್ತು. ನಲವತ್ತು ನಿಮಿಷ ಅಷ್ಟೇ. ಕಾರ್ಡ್ ತರಬಾರ್ದು ಅಂದಿದ್ರಿ, ಆದ್ರೂ ತಂದಿದ್ದೆ. ಈಗ ಕೈಯಲ್ಲೇ ಇದೆ."

ನನಗೆ ಬೈಯಲು ಬಾಯಿ ಬರಲಿಲ್ಲ. "ಸಾಕು ಮಗಾ, ಏಳು" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ದೋಣಿ ಬಂತು, ಇಳೀತಿದೀನಿ" ಎಂದಳು. ಕೋಣೆ ಸೇರುವವರೆಗೂ ನಾನು ಫೋನು ಇಡಲಿಲ್ಲ. ಮರುದಿನ ತಾಂಬ್ಡಿ ಸುರ್ಲಾದ ಕದಂಬರ ಕಾಲದ ಶಿವನ ಗುಡಿಯ ಮುಂದೆ ನಿಂತು ಫೋಟೋ ಕಳಿಸಿದ್ದಳು. ಕಾಡಿನ ನಡುವೆ ಕಪ್ಪು ಕಲ್ಲಿನ ಪುಟ್ಟ ಗುಡಿ. ಮುಖದಲ್ಲಿ ನಗುವಿತ್ತು.

ಮಕ್ಕಳೇ, ಒಬ್ಬರೇ ಹೋಗಿ, ಲೋಕ ನೋಡಿ. ನಮ್ಮ ಕಾಲದಲ್ಲಿ ನಮಗೆ ಸಿಗದ ಭಾಗ್ಯ ಅದು. ಆದರೆ ಹೇಳಿ ಹೋಗಿ. ಮನೆಯ ಹಿರಿಯರಿಗೂ ಒಂದು ಮಾತು: ಮಕ್ಕಳು ಹೇಳಿ ಹೋಗುವಂತೆ ನಾವು ಕೇಳಿಸಿಕೊಳ್ಳೋಣ. ಮಾವನ ಫೋನಿಗೆ ಕಾಯುವವರು ಯಾರೂ ಇರಲಿಲ್ಲ. ನಿಮಗೆ ಇದ್ದೇವೆ.

ಹೋಗಿ ಬನ್ನಿ. ಪ್ರಯಾಣ ಸುಖಕರವಾಗಲಿ!